ಬಾಣವಿಲ್ಲದ ಮಿಂಚು

ಮನೆಯಲ್ಲಿ ವಾಷಿಂಗ್ ಮೆಷಿನ್ನು ನಿಂತುಹೋದಾಗ ಯಾರು ಮೊದಲು ಸರಿಯಾದ ಗುಂಡಿ ಒತ್ತುತ್ತಾರೋ ಅವರೇ ಆ ಮನೆಯ ಇಂಜಿನಿಯರು. ಹಾಳೂರಿಗೆ ಉಳಿದವನೇ ಗೌಡ. ಅಳಿಯನಿಗೆ ಆ ಪಟ್ಟ ಸಿಕ್ಕಿದ್ದೂ ಹಾಗೆಯೇ. ಅವನ ಕೆಲಸ ಔಷಧಿ ಡಬ್ಬಿಗಳಿಗೆ ಲೇಬಲ್ಲು ಅಚ್ಚುಹಾಕುವ ಮುದ್ರಣಾಲಯದಲ್ಲಿ. ಬಣ್ಣ ಸರಿ ಬಂದಿದೆಯೋ ಇಲ್ಲವೋ ನೋಡುವುದು. ಆದರೆ ಹೆಂಡತಿಯ ಮನೆಯಲ್ಲಿ ಟಿವಿ ಮಂಕಾದರೂ ಫೋನು ಬಿಸಿಯಾದರೂ 'ಇಂಜಿನಿಯರನ್ನ ಕರೀರಿ' ಎನ್ನುತ್ತಿದ್ದರು. ಕರೆಸಿಕೊಂಡು ಕರೆಸಿಕೊಂಡು ಅವನಿಗೂ ತಾನು ಇಂಜಿನಿಯರೇ ಅನ್ನಿಸತೊಡಗಿತ್ತು.

ಅವನೂ ಹೆಂಡತಿಯೂ ಮೇಲಿನ ಮಹಡಿಯಲ್ಲಿ, ಅತ್ತೆ ಮಾವ ಇದ್ದದ್ದು ಕೆಳಗಿನ ಮಹಡಿಯಲ್ಲಿ. ಮಾವ ಬಸ್ ಡ್ರೈವರಾಗಿದ್ದವರು. ಅವರ ಕೈಯಲ್ಲಿ ಬಸ್ಸು ಯಾವ ಗೋಡೆಯನ್ನೂ ಉಜ್ಜಿದ್ದಿಲ್ಲ, ಯಾವ ಕಂಬವನ್ನೂ ಮುಟ್ಟಿದ್ದಿಲ್ಲ. ನಿವೃತ್ತರಾದ ಮೇಲೆ ಎಡಗಾಲಿನ ಸ್ಪರ್ಶ ಹೋಯಿತು. ಕ್ಲಚ್ಚು ಒತ್ತಿದ್ದು ಕಾಲಿಗೇ ತಿಳಿಯುತ್ತಿರಲಿಲ್ಲ. ಇನ್ನು ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಅಪ್ಪ ಕಿಟಕಿಯ ಹತ್ತಿರ ಸುಮ್ಮನೆ ಕೂರುವುದನ್ನು ನೋಡಲಾರದೆ ಮಗಳು, ಅಂದರೆ ಅಳಿಯನ ಹೆಂಡತಿ, ಬಸ್ ಓಡಿಸುವ ಆಟವೊಂದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ, ಒಂದು ಆಟದ ಸ್ಟೇರಿಂಗ್ ತಂದು ಊಟದ ಮೇಜಿಗೆ ಬಿಗಿದುಕೊಟ್ಟಳು.

ಮಾವ ಅದನ್ನು ಆಟ ಎನ್ನಲಿಲ್ಲ, ಡ್ಯೂಟಿ ಎಂದರು. ತಿಂಡಿ ಮುಗಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೂರುವರು. ಪರದೆಯ ಮೇಲೆ ಮುದುಕಿಯೊಬ್ಬಳು ಹತ್ತಿದರೆ ಅವಳು ಸೀಟು ಹಿಡಿಯುವ ತನಕ ಗಾಡಿ ಎತ್ತುತ್ತಿರಲಿಲ್ಲ. ಅತ್ತೆ ಮೇಜು ಒರೆಸಲು ಬಂದರೆ, "ಬಸ್ಸು ಹೋಗ್ತಿರೋವಾಗ ಎದ್ದು ಓಡಾಡ್ಬಾರ್ದು ಕಣೇ" ಎಂದು ರೇಗುವರು. ಅತ್ತೆಯೂ ಬಿಡುವವರಲ್ಲ. "ಹಾಗಾದ್ರೆ ಮಧ್ಯಾಹ್ನದ ಊಟಾನೂ ಮುಂದಿನ ಸ್ಟಾಪಲ್ಲೇ ಮಾಡಿ" ಎನ್ನುವರು.

ತೊಂದರೆ ಇದ್ದದ್ದು ಸರ್ಕಲ್ಲುಗಳಲ್ಲಿ. ಜನ, ಕಾರು, ಅಂಗಡಿ ಬೋರ್ಡು ಎಲ್ಲ ಒಟ್ಟಿಗೆ ಬರುವ ಕಡೆ ಲ್ಯಾಪ್‌ಟಾಪಿಗೆ ಉಸಿರು ಕಟ್ಟುತ್ತಿತ್ತು. ಚಿತ್ರ ನಿಂತುಬಿಡುವುದು. ಮತ್ತೆ ಓಡುವಷ್ಟರಲ್ಲಿ ಬಸ್ಸು ಫುಟ್‌ಪಾತು ಹತ್ತಿ ದೀಪದ ಕಂಬಕ್ಕೆ ಗುದ್ದಿರುತ್ತಿತ್ತು. 'ಚಾಲಕನ ತಪ್ಪು' ಎಂದು ಪರದೆ ಕೆಂಪಗೆ ಬರೆಯುತ್ತಿತ್ತು. ಮಾವ ಆ ಅಕ್ಷರಗಳನ್ನು ನೋಡುತ್ತ ಕೂತಿರುತ್ತಿದ್ದರು.

"ನಂದಲ್ಲ ಅಳಿಯಂದಿರೇ. ನಾನು ತಿರುಗಿಸಿದೆ, ಅದು ತಿರುಗಲಿಲ್ಲ" ಎಂದರು ಒಮ್ಮೆ. ನಗುತ್ತ ಹೇಳಿದರೂ ಗಂಟಲು ನಗುತ್ತಿರಲಿಲ್ಲ.

"ನಿಮ್ದಲ್ಲ ಮಾವ, ಅದರ ಗ್ರಾಫಿಕ್ಸ್‌ದು. ಹೊರಗಿಂದ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಬಿಟ್ರೆ ಬೆಣ್ಣೆ ಥರ ಓಡುತ್ತೆ. ನಾನಿಲ್ವಾ?"

ಷಡ್ಡಕ ಆ ದಿನ ಅಲ್ಲೇ ಇದ್ದ. ಹೆಂಡತಿಯ ಅಕ್ಕನ ಗಂಡ. ಮಾತು ಕಡಿಮೆ, ಮುಗುಳ್ನಗೆ ಜಾಸ್ತಿ. "ಅದಕ್ಕಿಂತ ಒಂದು ಡೆಸ್ಕ್‌ಟಾಪೇ ತಗೊಳ್ಳೋದು ವಾಸಿ ಅಲ್ವಾ? ಲ್ಯಾಪ್‌ಟಾಪಿಗೆಲ್ಲ ಅದು ಕೂರುತ್ತಾ?" ಎಂದ.

"ಕೂರುತ್ತೆ ಭಾವ. ಇದೆಲ್ಲ ನಿಮಗೆ ಗೊತ್ತಾಗಲ್ಲ" ಎಂದ ಅಳಿಯ. ಆ ಕೊನೆಯ ಮಾತು ಬೇಕಿರಲಿಲ್ಲ.

ಆರ್ಡರು ತೆಗೆದುಕೊಳ್ಳುವಾಗ ಕಂಪ್ಯೂಟರ್ ಅಂಗಡಿಯವನು ಒಂದೇ ಪ್ರಶ್ನೆ ಕೇಳಿದ್ದ: "ಸಾರ್, ವೈರ್ ಹಾಕೋ ಪೋರ್ಟ್ ಪಕ್ಕ ಮಿಂಚಿನ ಗುರುತು ಇದೆಯಾ?" ಅಳಿಯ ಫೋಟೊ ತೆಗೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಮಿಂಚು ಇದ್ದದ್ದು ಅವನಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ದಿನವಿಡೀ ಲೇಬಲ್ಲಿನ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವನಿಗೆ ಒಂದು ಮಿಂಚು ಗುರುತಿಸಲು ಬಾರದೇ? "ಇದೆ" ಎಂದ.

ಭಾನುವಾರ ಪೆಟ್ಟಿಗೆ ಬಂತು. ಶೂ ಡಬ್ಬಕ್ಕಿಂತ ದೊಡ್ಡದು, ಒಳಗೆ ಕಾರ್ಡು, ಹಿಂದೆ ಫ್ಯಾನು. ಅತ್ತೆ ಅದಕ್ಕಾಗಿ ಮೇಜಿನ ಮೇಲಿದ್ದ ಹೂಜಿ ಎತ್ತಿಟ್ಟರು. ಷಡ್ಡಕನೂ ಹೆಂಡತಿಯೊಂದಿಗೆ ಬಂದ. ಅಳಿಯ ಎಲ್ಲರನ್ನೂ ಕೂರಿಸಿ, ಲ್ಯಾಪ್‌ಟಾಪಿನೊಳಗಿನ ಇಂಜಿನ್ನು ಸಣ್ಣದು, ಇದು ಹೊರಗಿನಿಂದ ಕಟ್ಟುವ ದೊಡ್ಡ ಇಂಜಿನ್ನು ಎಂದು ವಿವರಿಸಿದ. ಮಾವ ತಲೆದೂಗಿದರು. ಅವರ ಶರ್ಟಿನ ಮಡಿಕೆ ಇನ್ನೂ ಬಿಸಿಯಾಗಿತ್ತು. "ವೈರು ನೀವೇ ಹಾಕಿ ಮಾವ, ನಿಮ್ಮ ಗಾಡಿ" ಎಂದ ಅಳಿಯ, ದೊಡ್ಡ ಮನಸ್ಸಿನಿಂದ.

ಮಾವ ವೈರನ್ನು ಒಮ್ಮೆ ತಿರುಗಿಸಿ ನೋಡಿ, ಮೆಲ್ಲಗೆ ಒತ್ತಿದರು. ಪೆಟ್ಟಿಗೆಯ ಫ್ಯಾನು ತಿರುಗಿತು. ಅಷ್ಟೇ. ಲ್ಯಾಪ್‌ಟಾಪು ಪೆಟ್ಟಿಗೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಿಚ್ಚಿ ಹಾಕಿದ್ದಾಯಿತು, ಆರಿಸಿ ಹೊತ್ತಿಸಿದ್ದಾಯಿತು. ಬಸ್ಸು ಅದೇ ಸರ್ಕಲ್ಲಿನಲ್ಲಿ ಅದೇ ಕಂಬಕ್ಕೆ ಗುದ್ದಿತು. ಷಡ್ಡಕ ಮುಗುಳ್ನಕ್ಕ.

ಅಳಿಯ ಬಾಲ್ಕನಿಗೆ ಹೋಗಿ ಅಂಗಡಿಗೆ ಫೋನು ಮಾಡಿದ.

"ಮಿಂಚಿನ ಕೊನೇಲಿ ಬಾಣದ ಮೊನೆ ಇದೆಯಾ ಸಾರ್? ಅಥವಾ ಮಿಂಚು ಬ್ಯಾಟರಿ ಚಿತ್ರದ ಒಳಗಿದೆಯಾ?"

ಅಳಿಯನ ಕಣ್ಣ ಮುಂದೆ ಆ ಗುರುತು ಬಂದು ನಿಂತಿತು. ಬ್ಯಾಟರಿಯ ಒಳಗಿತ್ತು.

"ಅದು ಬರೀ ಚಾರ್ಜಿಂಗ್ ಗುರುತು ಸಾರ್. ತೂತು ಒಂದೇ ಥರ ಇರುತ್ತೆ, ಒಳಗಿನ ದಾರಿ ಬೇರೆ. ಬಾಣ ಇರೋದಾದ್ರೆ ಮಾತ್ರ ಈ ಪೆಟ್ಟಿಗೆ ಮಾತಾಡೋದು. ಆಗ್ಲೂ ಕಾರ್ಡಿನ ಶಕ್ತಿ ಸ್ವಲ್ಪ ವೈರಲ್ಲೇ ಹೋಗುತ್ತೆ. ನಿಮ್ಮ ಲ್ಯಾಪ್‌ಟಾಪಿಗೆ ಇದು ಆಗಲ್ಲ. ವಾಪಸ್ ತನ್ನಿ, ಪರವಾಗಿಲ್ಲ."

ಅಳಿಯ ಒಳಗೆ ಬಂದ. ನನಗೆ ಗೊತ್ತಿರಲಿಲ್ಲ, ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಅಷ್ಟರಲ್ಲಿ ಮಾವ ಕೇಳಿದರು:

"ಅಳಿಯಂದಿರೇ, ನಾನು ವೈರ್ ಒತ್ತಿದ್ದು ಜೋರಾಯ್ತೇನೋ? ಒಳಗೇನಾದ್ರೂ ಮುರೀತಾ?"

ಷಡ್ಡಕ ನೋಡುತ್ತಿದ್ದ.

"ಇರಬಹುದು" ಎಂದ ಅಳಿಯ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನೂ ದೂರಲಿಲ್ಲ, ತನ್ನನ್ನು ನಂಬಿ ಕೂತ ಮುದುಕನನ್ನು ದೂರಿದ. 'ಇರಬಹುದು' ಎಂಬುದು ಸುಳ್ಳೂ ಅಲ್ಲ ಎಂದು ಮೆಟ್ಟಿಲು ಹತ್ತುವಾಗ ತನಗೆ ತಾನೇ ಹೇಳಿಕೊಂಡ. ಆದರೆ ಆ ಮಾತು ಕೆಳಗಿನ ಮನೆಯಲ್ಲೇ ಉಳಿದುಕೊಂಡು ಬೆಳೆಯಿತು. ಮರುದಿನ ಅತ್ತೆ ನೆರೆಯವಳಿಗೆ, "ನಮ್ಮವರ ಕೈ ಒರಟು ನೋಡಿ, ಹೊಸ ಸಾಮಾನು ಒತ್ತಿ ಕೆಡಿಸಿಬಿಟ್ರು" ಎಂದದ್ದು ಅವನ ಕಿವಿಗೇ ಬಿತ್ತು.

ಮಾವ ಸ್ಟೇರಿಂಗನ್ನು ಮೇಜಿನಿಂದ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಬೀರುವಿನ ಮೇಲಿಟ್ಟರು. ಮಗಳು ಕೇಳಿದ್ದಕ್ಕೆ, "ಕಾಲು ಹೋಗಿತ್ತು, ಈಗ ಕೈಯೂ ಹೋಯ್ತು ಬಿಡಮ್ಮ" ಎಂದರಂತೆ. ಅವಳು ಮೇಲೆ ಬಂದು ಅದನ್ನು ಗಂಡನಿಗೆ ಹೇಳಿ ಅತ್ತಳು. ಅಳಿಯ ಅವಳ ಬೆನ್ನು ಸವರಿದ. ಸವರುವ ಕೈಯನ್ನು ಕತ್ತರಿಸಿ ಎಸೆಯಬೇಕೆನಿಸಿತು ಅವನಿಗೆ.

ಮಾವನನ್ನು ಕಾಲಿನ ಡಾಕ್ಟರ ಹತ್ತಿರ ಕರೆದೊಯ್ಯುವ ದಿನ ಬಂತು. ಕಾರಿನಲ್ಲಿ ಮಾವನ ಜಾಗ ಯಾವಾಗಲೂ ಅಳಿಯನ ಪಕ್ಕದ ಸೀಟು. ದಾರಿಯುದ್ದ 'ಎಡಕ್ಕೆ ಕನ್ನಡಿ ನೋಡಿ', 'ಅವನಿಗೆ ದಾರಿ ಬಿಡಿ' ಎಂದು ಪಾಠ ನಡೆಯುತ್ತಿತ್ತು. ಅಳಿಯನಿಗೆ ಅದು ತಲೆನೋವು. ಅಂದು ಮಾವ ಹಿಂದಿನ ಬಾಗಿಲು ತೆಗೆದು ಕೂತರು. ಆಸ್ಪತ್ರೆ ಬರುವವರೆಗೂ ಒಂದು ಮಾತಿಲ್ಲ. ಅಳಿಯ ಬೇಕೆಂದೇ ಇಂಡಿಕೇಟರ್ ಹಾಕದೆ ತಿರುಗಿಸಿದ. ಆಗಲೂ ಇಲ್ಲ.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅಳಿಯ ಗಾಡಿ ಆರಿಸಿದ, ಇಳಿಯಲಿಲ್ಲ. ಹಿಂದೆ ತಿರುಗಿ ಎಲ್ಲವನ್ನೂ ಹೇಳಿದ. ಮಿಂಚು, ಬಾಣ, ಬ್ಯಾಟರಿ, ಬಾಲ್ಕನಿಯ ಫೋನು, ಷಡ್ಡಕನ ಮುಗುಳ್ನಗೆ, ಒಂದನ್ನೂ ಬಿಡಲಿಲ್ಲ. "ನೀವು ಏನೂ ಮುರಿದಿಲ್ಲ ಮಾವ. ನಾನೇ ನೋಡದೆ ತಂದೆ. ಮರ್ಯಾದೆ ಹೋಗುತ್ತೆ ಅಂತ ನಿಮ್ಮ ಮೇಲೆ ಹಾಕಿದೆ. ನಾಚಿಕೆ ಆಗ್ತಿದೆ ನನಗೆ."

ಮಾವ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಂದೆ ಬಾಗಿ ಅವನ ಭುಜ ತಟ್ಟಿದರು.

"ಡಿಪೋದಲ್ಲಿ ಹೊಸಬನೊಬ್ಬ ರಿವರ್ಸ್ ತಗೊಳ್ಳೋವಾಗ ಗಾಜು ಒಡೆದಿದ್ದ. ಹೆಂಡ್ತಿ ಬಸುರಿ, ಕೆಲ್ಸ ಹೋಗ್ತಿತ್ತು. ನಾನೇ ಒಡೆದೆ ಅಂದೆ. ಅವತ್ತು ಕನ್ನಡೀಲಿ ನನ್ನ ಮುಖ ನೋಡ್ಕೊಂಡಿದ್ದೆ. ಈಗ ನಿಮ್ದು ಹಾಗೇ ಇದೆ. ಇನ್ನೊಬ್ಬರ ತಪ್ಪು ಹೊತ್ಕೊಂಡವರ ಮುಖ ನಂಗೆ ಗೊತ್ತಾಗಲ್ವಾ?"

"ಇಲ್ಲ ಮಾವ, ಆಣೆ ಮಾಡಿ ಹೇಳ್ತೀನಿ..."

"ಸುಮ್ನಿರಿ, ಸುಮ್ನಿರಿ. ಮುದುಕನ ಮನಸ್ಸು ನೋಯಬಾರ್ದು ಅಂತ ಇಷ್ಟು ದೊಡ್ಡ ಕತೆ ಕಟ್ಟಿದ್ರಲ್ಲ. ಬಾಣ ಅಂತೆ, ಬ್ಯಾಟರಿ ಅಂತೆ!" ಮಾವನ ಕಣ್ಣು ತುಂಬಿತ್ತು.

ಮಾವ ಮನೆಗೆ ಬಂದವರೇ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ಅತ್ತೆಗೆ ಹೇಳಿದರು. ಷಡ್ಡಕನಿಗೂ ಫೋನು ಮಾಡಿ ಹೇಳಿದರು. ಅಳಿಯ ನಡುನಡುವೆ, "ಇಲ್ಲ ಅತ್ತೆ, ನಿಜವಾಗ್ಲೂ ನಂದೇ ತಪ್ಪು" ಎನ್ನುತ್ತಲೇ ಇದ್ದ. ಅಂದಷ್ಟೂ ಅವನು ದೊಡ್ಡವನಾಗುತ್ತ ಹೋದ. "ನಮ್ಮ ಅಳಿಯ ಅಪರಂಜಿ" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಗಂಡನ ಮುಖವನ್ನು ನೋಡುತ್ತಿದ್ದಳು, ಅಪ್ಪ ನೋಡಿದ್ದಕ್ಕಿಂತ ಹೆಚ್ಚು ಹೊತ್ತು.

ಆ ಮನೆಯಲ್ಲಿ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ. ಒಳಗೆ ಹೋಗಿ ಅಪ್ಪನಿಗೆ ಕುಡಿಯಲು ನೀರು ತಂದುಕೊಟ್ಟಳು.