ಚಿಜುರು ಮನೆಯ ಲೋಳೆ ಊಟ

ನಾನು ಈವರೆಗೆ ತಿಂದ ಬೆಂಡೆಕಾಯಿಗಳನ್ನು ತುದಿಗೆ ತುದಿ ಜೋಡಿಸಿದರೆ ನಮ್ಮೂರು ಇಬುಸುಕಿಯಿಂದ ಹೊರಟು, ಸಮುದ್ರ ದಾಟಿ, ಒಕಿನಾವಾಕ್ಕೆ ಒಂದು ಸುತ್ತು ಹಾಕಿ, ಸಂಜೆ ಚಹಾದ ಹೊತ್ತಿಗೆ ಮನೆಗೆ ವಾಪಸು ಬರುತ್ತವೆ. ಬೇಸಗೆಯಲ್ಲಿ ನನ್ನ ಬೆವರು ಹನಿಯುವುದಿಲ್ಲ, ಎಳೆ ಎಳೆಯಾಗಿ ಜೋಲುತ್ತದೆ. ಒಮ್ಮೆ ನಾನು ಸೀನಿದ ರಭಸಕ್ಕೆ ಎದುರುಮನೆಯ ಬೆಕ್ಕು ಗೋಡೆಗೆ ಅಂಟಿಕೊಂಡು, ಬಿಡಿಸಲು ಊರೇ ಸೇರಬೇಕಾಯಿತು.

ಇದನ್ನೆಲ್ಲ ನಾನು ಹೇಳಿದ್ದು ತೋಮೆ ಅಜ್ಜಿಗೆ, ಕಡಲತೀರದ ಬಿಸಿಮರಳಿನ ಸ್ನಾನದಲ್ಲಿ. ಇಬ್ಬರೂ ಕುತ್ತಿಗೆಯವರೆಗೆ ಮರಳಲ್ಲಿ ಹೂತುಕೊಂಡು ಮಲಗಿದ್ದೆವು. ಪಾಪ, ಅಜ್ಜಿಗೆ ಎದ್ದು ಓಡುವ ದಾರಿಯೇ ಇರಲಿಲ್ಲ. ಅಜ್ಜಿಯ ಮಗಳು ಚಿಜುರು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೆಂಡೆ ಬೆಳೆಯುವವಳು. ಅವಳು ತೋಟದಲ್ಲಿ ನಕ್ಕರೆ ಇತ್ತ ರಸ್ತೆಯಲ್ಲಿ ನನ್ನ ಸೈಕಲ್ಲು ಚರಂಡಿಗೆ ಇಳಿಯುತ್ತದೆ. ಅವಳನ್ನು ಮದುವೆಯಾಗಬೇಕು ಎಂಬುದೊಂದೇ ನನ್ನ ಆಸೆ. ಇದೊಂದು ಮಾತನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ.

"ಲೋಳೆ ಕಂಡ್ರೆ ಮುಖ ಸಿಂಡರಿಸೋನು ನಮ್ಮನೆ ಹೊಸ್ತಿಲು ತುಳಿಯೋದೇ ಬೇಡ," ಅಂದಳು ಅಜ್ಜಿ. "ಹೋದ ವರ್ಷ ಒಬ್ಬ ಬಂದಿದ್ದ. ಒಂದೇ ತುತ್ತಿಗೆ ಬಿಳಿಚಿಕೊಂಡ. ಭಾನುವಾರ ನೀನ್ ಬಾ ಕುನಿಹಿಕೊ, ನೋಡೋಣ."

"ತುತ್ತೇನಜ್ಜಿ, ಬಾವಿ ತುಂಬ ಬಡಿಸಿ. ಬಾವೀನೂ ನೆಕ್ತೀನಿ!"

ಭಾನುವಾರ, ಚೀಲದಂತೆ ಜೋಲುವ ತೋಳಿನ ಯುಕಾತಾ ನಿಲುವಂಗಿ ತೊಟ್ಟು ಹೋದೆ. ಚಿಜುರು ಆಗಷ್ಟೇ ಕಿತ್ತು ತಂದ ಕಾಯಿಗಳ ಮೇಲೆ ಉಪ್ಪು ಚೆಲ್ಲಿ, ಮಣೆಯ ಮೇಲೆ ಅಂಗೈಯಿಂದ ಉರುಳಿಸಿ ಮುಳ್ಳುಗೂದಲು ತೆಗೆದಳು. ಕುದಿನೀರಿಗೆ ಹಾಕಿ ತೆಗೆದು, ನೊರೆ ಬರುವವರೆಗೆ ಕೊಚ್ಚಿದಳು. ಚಾಕು ಮೇಲೆದ್ದರೆ ಮಣೆಯೂ ಜೊತೆಗೇ ಏಳುತ್ತಿತ್ತು. ಅದರ ಮೇಲೆ ಹುಳಿ ಬರಿಸಿ, ಮಳೆಗಾಲದ ಕಾಲುಚೀಲದಂತೆ ನಾರುವ ನಾಟೊ ಎಂಬ ಸೋಯಾ ಕಾಳು, ತುರಿದ ಲೋಳೆಗೆಣಸು, ಒಂದು ಹಸಿ ಮೊಟ್ಟೆ. ನನ್ನ ಮಾತಿನ ಲೋಳೆ ಬೇರೆ, ಇದರ ಜಾತಿಯೇ ಬೇರೆ ಎಂದು ಆಗ ಗೊತ್ತಾಯಿತು.

"ಚೆನ್ನಾಗಿ ಕಲೆಸಿ ಕುನಿಹಿಕೊ ಸಾನ್. ಎಳೆ ಎಷ್ಟುದ್ದ ಬರುತ್ತೋ ಅಷ್ಟು ರುಚಿ."

ಕಲೆಸಿದೆ. ಎತ್ತಿದೆ. ತುತ್ತನ್ನು ನಾನು ಬಾಯಿಗೆ ಹಾಕಿಕೊಳ್ಳಲಿಲ್ಲ, ಅದೇ ಒಳಗೆ ತೆವಳಿತು. ಶೀತವಾದ ಕಪ್ಪೆಯ ಹಾಗೆ ನಾಲಿಗೆಯ ಮೇಲೆ ಕೂತು, ಗಂಟಲಿಗೆ ಇಣುಕಿ, ಇಳಿಯಲೋ ಬೇಡವೋ ಎಂದು ಯೋಚಿಸಿತು. ಕಣ್ಣು ಮುಚ್ಚಿ ನುಂಗಿದೆ. ತಲೆ ಹೊಟ್ಟೆ ಸೇರಿತು, ಬಾಲ ಇನ್ನೂ ಬಟ್ಟಲಲ್ಲೇ ಇತ್ತು.

"ಹೇಗಿದೆ?"

"ಅಯ್ಯೋ, ತೀರಾ ಗಟ್ಟಿ ಆಯ್ತು! ನಮ್ಮನೇಲಿ ಇದಕ್ಕಿಂತ ಲೋಳೆ ಮಾಡ್ತೀವಿ."

ಎಂಥ ನಾಲಿಗೆಯಪ್ಪಾ ನನ್ನದು! ತಕ್ಷಣ ಮಿಸೊ ಸಾರು ಬಂತು. ನಕ್ಷತ್ರದಂತೆ ಹೆಚ್ಚಿದ ಬೆಂಡೆ ಬಿಲ್ಲೆಗಳು ಮಗುವಿನ ಸುರಿಯುವ ಮೂಗಿನಂಥ ಸಾರಿನಲ್ಲಿ ತೇಲುತ್ತ, ಬೀಜದ ಕಣ್ಣುಗಳಿಂದ ನನ್ನನ್ನೇ ನೋಡುತ್ತಿದ್ದವು. ಗುಟುಕು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಕುಡಿಯಲು ತೊಡಗಿದರೆ ನಿಲ್ಲಿಸಲಿಕ್ಕೇ ಆಗದ ಒಂದೇ ಹಗ್ಗ. ಬೆನ್ನುಹುರಿಯಲ್ಲಿ ಬಸವನಹುಳು ಹತ್ತಿದಂತಾಯಿತು.

ಮೂರನೆಯದು ಬೆಂಡೆ ಹೂವು. ಎಳೆ ಹಳದಿ ದಳಗಳನ್ನು ಹುಳಿರಸದಲ್ಲಿ ಅದ್ದಿ ತಂದಿಟ್ಟಳು. ಬದುಕಿದೆ ಅಂದುಕೊಂಡೆ. ಹೂವಿನಲ್ಲಿ ಎಂಥ ಲೋಳೆ? ಊಟದ ಕಡ್ಡಿಯಿಂದ ಒಂದು ದಳ ಎತ್ತಿದರೆ ಉಳಿದ ದಳಗಳೆಲ್ಲ ಅಪ್ಪಿಕೊಂಡು, ತಣ್ಣಗೆ ನಡುಗುತ್ತ, ಜೊಲ್ಲು ಸುರಿಸುತ್ತ ಮೇಲೆದ್ದು ಬಂದವು. ಹೊಟ್ಟೆಯಲ್ಲಿದ್ದ ಕಪ್ಪೆ ಮೇಲಕ್ಕೆ ಹಾರಿತು. ತಾಯಿ ಮಗಳು ಒಲೆಯ ಕಡೆ ತಿರುಗಿದ್ದರು. ಒಂದೇ ಉಸಿರಿಗೆ ಬಟ್ಟಲು ಬರಿದು ಮಾಡಿದೆ.

ಚಿಜುರು ತಿರುಗಿ ನೋಡಿ ಬಟ್ಟಲನ್ನು ಕೈಗೆತ್ತಿಕೊಂಡಳು. "ಪೂರ್ತಿ ತಿಂದ್ರಾ? ಇದು ನಾನೇ ಕಂಡುಹಿಡಿದ ಅಡುಗೆ. ಇದುವರೆಗೆ ಯಾರೂ ಮುಗಿಸಿಲ್ಲ. ಅಮ್ಮನೂ ಅರ್ಧಕ್ಕೇ ಬಿಡ್ತಾಳೆ."

ಅವಳ ಮುಖ ಅರಳಿದ್ದು ಕಂಡು ನಾನು ಮೈಮರೆತೆ. "ನಮ್ಮ ಹಿತ್ತಲ ಬೆಂಡೆ ನೋಡ್ಬೇಕು ನೀವು! ಒಂದೊಂದೂ ಮೊಳದುದ್ದ!"

ಅಜ್ಜಿ ಕಡ್ಡಿ ಕೆಳಗಿಟ್ಟಳು. "ಮೊಳದುದ್ದಾನಾ? ನಡಿ, ಈಗಲೇ ನೋಡೋಣ."

ಹಿತ್ತಲಿಗೆ ಹೋದೆವು. ಕಾಯಿಗಳು ಎಮ್ಮೆಯ ಕೋಡಿನಂತೆ ಬಾಗಿ ನಿಂತಿದ್ದವು. ಚಿಜುರು ಎರಡನ್ನು ತಿರುಚಿ ಮುರಿದು ಒಂದಕ್ಕೊಂದು ಬಡಿದಳು. ಟಕ್, ಟಕ್.

"ಇವು ಬೆಂಡೆ ಅಲ್ಲ ಕಣೇ, ನಗಾರಿ ಬಡಿಯೋ ಕೋಲು," ಅಂದಳು ಅಜ್ಜಿ.

ನಮ್ಮೂರಲ್ಲಿ ಬೆರಳುದ್ದ ಇದ್ದಾಗಲೇ ಕೀಳಬೇಕು. ಇವತ್ತು ಬಿಟ್ಟರೆ ನಾಳೆ ನಾರು, ನಾಡಿದ್ದು ಸೌದೆ. ಹಾಲುಹಲ್ಲಿನ ಮಗುವಿಗೂ ಇದು ಗೊತ್ತು. ದೊಡ್ಡದು ಅಂದರೆ ಒಳ್ಳೆಯದು ಎಂದು ಜಂಬ ಕೊಚ್ಚಿಕೊಂಡವನು ಊರಿಗೆಲ್ಲ ನಾನೊಬ್ಬನೇ.

"ದಿನಾ ತಿನ್ನೋರ ಹಿತ್ತಲಲ್ಲಿ ಕಾಯಿ ಇಷ್ಟು ಬಲಿಯುತ್ತಾ ಕುನಿಹಿಕೊ ಸಾನ್?"

ನೆಲ ನೋಡಿದೆ. "ತಿನ್ನಲ್ಲ. ಇವು ಬಿದ್ದ ಬೀಜದಿಂದ ತಾವಾಗೇ ಹುಟ್ಟಿದ ಗಿಡ. ಲೋಳೆ ಕಂಡ್ರೆ ನಂಗೆ ಚಿಕ್ಕಂದಿನಿಂದ ವಾಕರಿಕೆ. ಇವತ್ತು ತಿಂದಿದ್ದೇ ಮೊದಲು."

"ನೋಡ್ದೆಯಾ, ನಾನ್ ಹೇಳ್ಲಿಲ್ವಾ," ಅಂದಳು ಅಜ್ಜಿ.

ಚಿಜುರು ಕೈಯಲ್ಲಿದ್ದ ಕಾಯಿಗಳನ್ನು ನೆಲಕ್ಕೆ ಹಾಕಿದಳು. ಆಮೇಲೆ ಮೆಲ್ಲಗೆ, "ಸುಮ್ನಿರಮ್ಮ. ವಾಕರಿಕೆ ಬರೋರು ನನ್ನ ಹೂವಿನ ಬಟ್ಟಲನ್ನ ಪೂರ್ತಿ ಮುಗಿಸಿದ್ರಲ್ಲ, ಅದು ಸಣ್ಣ ಮಾತಾ? ನಂಗೆ ಅಷ್ಟು ಸಾಕು," ಅಂದಳು.

ಬಾಯಿ ಮುಚ್ಚಿಕೊಂಡಿದ್ದರೆ ಆಗಿಹೋಗುತ್ತಿತ್ತು. ಆದರೆ ನನ್ನ ಯುಕಾತಾದ ಜೋಲುತೋಳಿನಿಂದ ತಣ್ಣನೆಯದೊಂದು ಎಳೆ ಇಳಿದು, ಗಾಳಿಗೆ ತೂಗಿ, ಚಿಜುರುವಿನ ಚಪ್ಪಲಿಯ ಮೇಲೆ ಕೂತಿತು. ಅವಳ ಕಣ್ಣು ಆ ಎಳೆ ಹಿಡಿದು ನಿಧಾನವಾಗಿ ಮೇಲಕ್ಕೆ ಬಂತು.

"ಚಿಜುರು ಸಾನ್," ಎನ್ನುತ್ತ ತೋಳನ್ನು ಮುಂದೆ ಚಾಚಿದೆ, "ಅದು ಹೊಟ್ಟೆಗೆ ಹೋಗಿಲ್ಲ. ಇಲ್ಲಿದೆ. ಹೂವು, ಹುಳಿ, ಎಲ್ಲಾ."