ಪ್ರವಾಸದ ಬಗ್ಗೆ ಎರಡು ನಿಮಿಷ

"ಹೆಸರನ್ನಾದ್ರೂ ಇಂಗ್ಲಿಷಲ್ಲಿ ಹೇಳ್ತೀಯೇನಮ್ಮ, ಇಲ್ಲ ಅದನ್ನೂ ಸೋಪಿನ ನೀರಲ್ಲಿ ತೊಳ್ದು ಬಂದ್ಯಾ?"

ಸಂದರ್ಶನದ ಮೇಜಿನಾಚೆ ಕೂತ ಟೈ ಕಟ್ಟಿದ ಸಾಹೇಬರು ಕೇಳಿದರು. ಪಕ್ಕದಲ್ಲಿದ್ದ ಮೇಡಂ ಬಾಯಿಗೆ ಕರ್ಚೀಫು ಅಡ್ಡ ಹಿಡಿದರು.

"ಹೆಸ್ರು ಯಾವ ಭಾಷೇಲಿ ಹೇಳಿದ್ರೂ ಅದೇ ಅಲ್ವಾ ಸ್ವಾಮಿ?" ಎಂದೆ.

ಕರ್ಚೀಫಿನ ಹಿಂದಿನ ನಗು ನಿಂತಿತು.

ನಾನು ಆಸ್ಪತ್ರೆಯ ಬಟ್ಟೆ ತೊಳೆಯುವವಳು. ವಾರ್ಡುಗಳಿಂದ ಮೂಟೆಯಾಗಿ ಬರುವ ಹಾಸಿಗೆ ಬಟ್ಟೆಗಳನ್ನು ಬರಿಗೈಯಲ್ಲಿ ಬಿಡಿಸಿ, ಒದರಿ, ಯಂತ್ರಕ್ಕೆ ತುಂಬುವುದು ನಮ್ಮ ಕೆಲಸ. ಮಡಿಕೆಗಳೊಳಗೆ ಯಾರೋ ಮರೆತ ಇಂಜೆಕ್ಷನ್ ಸೂಜಿಗಳಿರುತ್ತವೆ. ಹೋದ ವರ್ಷ ಅಂಥದ್ದೊಂದು ನನ್ನ ಜೊತೆಯೇ ಕೆಲಸಕ್ಕಿದ್ದ ತಂಗಿಯ ಮಗಳ ಹೆಬ್ಬೆರಳಿನಲ್ಲಿ ಮುರಿಯಿತು. ಈಗ ಅವಳ ಕಣ್ಣು ಹಳದಿ, ಹೊಟ್ಟೆ ಬಾತಿದೆ. ರೋಗ ಮನೆಯಿಂದ ತಂದದ್ದು ಎಂದು ನಮ್ಮ ಮ್ಯಾನೇಜರು ಬರೆದುಕೊಟ್ಟರು. ಅಲ್ಲಿಗೆ ಕೆಲಸವೂ ಹೋಯಿತು, ಔಷಧಿಯೂ ನಿಂತಿತು.

ಆಗಲೇ ನರ್ಸಮ್ಮ ಒಂದು ಅರ್ಜಿ ತಂದುಕೊಟ್ಟದ್ದು. ದೂರದ ದೇಶದಲ್ಲಿ ಆಸ್ಪತ್ರೆ ಕೆಲಸಗಾರರ ಸುರಕ್ಷತೆಯ ಬಗ್ಗೆ ದೊಡ್ಡ ಸಮ್ಮೇಳನ. ನಮ್ಮಲ್ಲಿಂದ ಒಬ್ಬರಿಗೆ ಹೋಗಿಬರಲು ಸ್ಕಾಲರ್‌ಶಿಪ್ಪು, ಅದಕ್ಕೆ ಇಂಗ್ಲಿಷಲ್ಲಿ ಸಂದರ್ಶನ. ಸೂಜಿಯ ಮಾತನ್ನು ನಾಲ್ಕು ದೇಶದ ಡಾಕ್ಟರುಗಳ ಮುಂದೆ ಆಡಿಬಿಟ್ಟರೆ ಇಲ್ಲಿಯವರು ಆ ಕಾಗದ ತಿದ್ದಲೇಬೇಕಾಗುತ್ತದೆ ಎಂದಳು. ಹುಡುಗಿ ಮಲಗಿದಲ್ಲಿಂದಲೇ ನನಗೆ ಒಂಬತ್ತು ಇಂಗ್ಲಿಷ್ ವಾಕ್ಯ ಕಲಿಸಿದಳು. ಬಟ್ಟೆ ಒದರುತ್ತಾ ಒದರುತ್ತಾ ಬಾಯಿಪಾಠ ಮಾಡಿದೆ.

"ದೊಡ್ಡಮ್ಮಾ, ಉಸಿರು ಬಿಟ್ಕೊಂಡು ಹೇಳು. ರೈಲು ಹಿಡಿಯೋಕೆ ಓಡ್ತಿಲ್ಲ ನೀನು" ಎಂದು ನಗುತ್ತಿದ್ದಳು. ನಕ್ಕರೆ ಅವಳಿಗೆ ಪಕ್ಕೆ ನೋಯುತ್ತಿತ್ತು.

ಸಾಹೇಬರು ಕಾಗದ ನೋಡಿಕೊಂಡು ಏನೋ ಓದಿದರು. ಮೇಡಂ ಬಿಡಿಸಿ ಹೇಳಿದರು: "ನಿಮಗೆ ತುಂಬಾ ಇಷ್ಟವಾದ ಪ್ರವಾಸದ ಜಾಗದ ಬಗ್ಗೆ ಎರಡು ನಿಮಿಷ ಇಂಗ್ಲಿಷಲ್ಲಿ ಮಾತಾಡಿ."

ನಾನು ಪ್ರವಾಸ ಹೋದವಳಲ್ಲ. ಎದ್ದು ನಿಂತು ಕಲಿತದ್ದನ್ನೇ ಹೇಳಿದೆ. ಮೂಟೆ, ಸೂಜಿ, ಹೆಬ್ಬೆರಳು, ಹಳದಿ ಕಣ್ಣು. ನಾಲ್ಕನೆಯ ವಾಕ್ಯಕ್ಕೇ ಸಾಹೇಬರು ಸಾಕೆಂದು ಕೈಯೆತ್ತಿದರು. ನಾನು ಒಂಬತ್ತೂ ಮುಗಿಸಿಯೇ ಕೂತೆ.

"ನಾನ್ ಹೇಳಿದ್ದು ಅರ್ಥ ಆಯ್ತಾ ಸ್ವಾಮಿ?"

"ಆಯ್ತು."

"ಎಲ್ಲಾನೂ?"

"ಎಲ್ಲಾನೂ ಆಯ್ತು. ಆದ್ರೆ ಕೇಳಿದ್ದು ಅದಲ್ವಲ್ಲ. ಅದಕ್ಕೆ ಅಂಕ ಇಲ್ಲ."

ಹತ್ತಕ್ಕೆ ಎರಡು.

ಹದಿನೈದು ದಿನಕ್ಕೆ ಸುದ್ದಿ ಬಂತು. ಕೆಲಸಗಾರರ ಪರವಾಗಿ ಹೋಗುವವರು ನಮ್ಮ ಮ್ಯಾನೇಜರೇ. ಯಾವುದೋ ಸಮುದ್ರತೀರದ ಬಗ್ಗೆ ಮಾತಾಡಿದರಂತೆ, ಹತ್ತಕ್ಕೆ ಒಂಬತ್ತು.

"ಥೂ, ಇವನ ನಾಲಿಗೆಗೆ ಹುಳ ಬೀಳ" ಎಂದಳು ಪಕ್ಕದಲ್ಲಿ ಮೂಟೆ ಬಿಚ್ಚುತ್ತಿದ್ದ ಗಯ್ಯಾಳಿ. ಅವಳಿಗೆ ಬೇರೆ ಹೆಸರೂ ಇದೆ, ಕರೆಯುವವರಿಲ್ಲ ಅಷ್ಟೆ. "ಬೋಳಿಮಗ, ಒಂದಿನ ಒಂದ್ ಗಂಟು ಬಿಚ್ಚಿದಾನಾ?"

ಅವಳ ಮಾತು ಮುಗಿಯುವಷ್ಟರಲ್ಲಿ ಮ್ಯಾನೇಜರು ಫೋನು ಹಿಡಿದು ಮೆಟ್ಟಿಲಿಳಿದು ಬಂದರು. ಕಂಕುಳಲ್ಲಿ ಒಂದು ಡಬ್ಬ. ಅದರಲ್ಲಿ ಮೊಣಕೈವರೆಗೆ ಬರುವ ದಪ್ಪ ನೀಲಿ ಗ್ಲೌಸು. ನಾವು ಏಳು ಜನ, ಏಳು ಜೊತೆ.

"ಹಾಕ್ಕೊಳ್ರೇ. ಸಮ್ಮೇಳನದಲ್ಲಿ ಫೋಟೋ ತೋರಿಸ್ಬೇಕು. ಸ್ವಲ್ಪ ನಗ್ತಾ ನಿಂತ್ಕೊಳ್ಳಿ. ಆಮೇಲೆ ವಾಪಸ್ ಡಬ್ಬಕ್ಕೆ ಹಾಕಿ, ಕೊಳೆ ಗಿಳೆ ಮಾಡೀರಿ ಜೋಕೆ."

"ಫೋಟೋ ತೋರ್ಸಿ ಏನಂತ ಹೇಳ್ತೀರಾ ಸ್ವಾಮಿ?" ಎಂದೆ.

"ಇನ್ನೇನು? ನಮ್ಮಲ್ಲಿ ಎಲ್ರಿಗೂ ಗ್ಲೌಸಿದೆ, ಇವತ್ತಿನವರೆಗೂ ಯಾರಿಗೂ ಸೂಜಿ ಚುಚ್ಚಿಲ್ಲ ಅಂತ."

ಗ್ಲೌಸು ಒಳಗೆ ಮೆತ್ತಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸದ ಹೊತ್ತಿನಲ್ಲಿ ನನ್ನ ಬೆರಳುಗಳು ಒಣಗಿದ್ದವು. ಅವರು ಫೋನು ಎತ್ತಿದರು. ನಾನು ತಿರುಗಿ, ಆಪರೇಷನ್ ಕೋಣೆಯಿಂದ ಆಗಷ್ಟೇ ಬಂದಿದ್ದ ಮೂಟೆಯೊಳಗೆ ಎರಡೂ ಕೈಗಳನ್ನು ಮೊಣಕೈವರೆಗೆ ಹಾಕಿದೆ.

"ಏನ್ಮಾಡ್ತಿದೀಯೇ ಮುದಿಮುಂಡೆ!"

"ಕೆಲ್ಸ."

ಗಯ್ಯಾಳಿಯೂ ಕೈ ಹಾಕಿದಳು. ಆಮೇಲೆ ಉಳಿದ ಐವರು, ಒಬ್ಬೊಬ್ಬರಾಗಿ. ಹೊರಗೆ ತೆಗೆದಾಗ ಹದಿನಾಲ್ಕು ಕೈಗಳಲ್ಲಿ ಒಂದರ ಮೇಲೂ ನೀಲಿ ಕಾಣುತ್ತಿರಲಿಲ್ಲ.

"ಬಿಚ್ರೇ! ಬಿಚ್ಚಿ ಕೊಡ್ರೇ ಇಲ್ಲಿ!"

"ನೀವೇ ಎಳ್ಕೊಳ್ಳಿ ಸ್ವಾಮಿ" ಎಂದು ಕೈಗಳನ್ನು ಅವರ ಮುಂದೆ ಚಾಚಿದೆ. ತುದಿಯಿಂದ ರಕ್ತದ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಯಾಕೆ ಸ್ವಾಮಿ? ಯಾರಿಗೂ ಚುಚ್ಚಿಲ್ಲ ಅಂದ್ರಲ್ಲ."

ಅವರ ಎರಡೂ ಕೈಗಳು ಆಗಲೇ ಪ್ಯಾಂಟಿನ ಜೇಬು ಸೇರಿದ್ದವು.