ಮಹಡಿಯವಳ ಕನಸು

ಸತ್ತು ಏಳು ತಿಂಗಳಾದ ಮೇಲೆ ಕೆಂಪರಾಜ್ ಕನಸಿಗೆ ಬಂದದ್ದು ಹೆಂಡತಿ ಮುನಿಶಾಮಮ್ಮನ ಕನಸಿಗಲ್ಲ, ಮಹಡಿಯ ಮೇಲೆ ಬಾಡಿಗೆಗಿದ್ದ ಕಾವೇರಿಯ ಕನಸಿಗೆ.

ಕಗ್ಗದಾಸಪುರದ ಆ ಮನೆಯ ಅಂಗಳದಲ್ಲಿ, ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಹಾಲಿನವನು ಬಂದು ಹೋದ ಎನ್ನುವಷ್ಟು ಸಲೀಸಾಗಿ ಕಾವೇರಿ ಅದನ್ನು ಹೇಳಿಬಿಟ್ಟಳು.

"ಅಮ್ಮಾರೆ, ಇವತ್ತ ನಸುಕಿನ್ಯಾಗ ನಿಮ್ಮ ಯಜಮಾನ್ರು ಕನಸಿನ್ಯಾಗ ಬಂದಿದ್ರು ನೋಡ್ರಿ. ನಮ್ಮ ಬಾಗಲ ಮುಂದ ಮೆಟ್ಟಿಲ ಮ್ಯಾಲ ಕುಂತು, ಟ್ಯಾಂಕ್ ತುಂಬೇದೇನು ಅಂತ ಕೇಳಿದ್ರು."

ಮುನಿಶಾಮಮ್ಮ ಕೈಯಲ್ಲಿದ್ದ ಸೀರೆಯನ್ನು ಇನ್ನೊಂದು ಸುತ್ತು ಹಿಂಡಿದಳು. ಅದರಲ್ಲಿ ನೀರು ಉಳಿದಿರಲಿಲ್ಲ. ಆಮೇಲೆ ಏನಾಯಿತು, ಮುಖ ಹೇಗಿತ್ತು, ನನ್ನ ಬಗ್ಗೆ ಕೇಳಿದರಾ ಎಂಬ ಪ್ರಶ್ನೆಗಳೆಲ್ಲ ಒಂದರ ಮೇಲೊಂದು ಗಂಟಲಿಗೆ ಬಂದವು. ಒಂದನ್ನೂ ಕೇಳಲಿಲ್ಲ. ಕಟ್ಟಿಕೊಂಡ ಗಂಡನ ಸಮಾಚಾರವನ್ನು ಬಾಡಿಗೆಯವಳ ಬಾಯಲ್ಲಿ ಕೇಳುವುದೆಂದರೇನು?

"ಮೋಟ್ರು ಹಾಕಿದ್ದೀನಿ ಹೋಗು, ತುಂಬುತ್ತೆ," ಎಂದು ಒಳಗೆ ಹೋದಳು.

ಒಳಗೆ ಹೋಗಿ ಫೋಟೋದ ಮುಂದೆ ನಿಂತಳು. ಫೋಟೋದೊಳಗಿನ ಕೆಂಪರಾಜ್ ಯಾವತ್ತಿನಂತೆ ಸ್ಟುಡಿಯೋದವನನ್ನು ನೋಡುತ್ತಿದ್ದ.

ನಲವತ್ತೊಂದು ವರ್ಷ ಒಂದೇ ಮಂಚ. ಕಾಯಿಲೆಯ ಕೊನೆಯ ವರ್ಷ ಗಂಜಿ ಕುಡಿಸಿದವಳು ಅವಳು, ಉಗುರು ಕತ್ತರಿಸಿದವಳು ಅವಳು, ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡಿದವಳೂ ಅವಳೇ. ಅವನು ಹೋದ ಮೇಲೆ ದಿನವೂ ಮಲಗುವಾಗ 'ಇವತ್ತಾದರೂ' ಅಂದುಕೊಳ್ಳುತ್ತಿದ್ದಳು. ಅವಳ ಕನಸಿಗೆ ಯಾರ್‍ಯಾರೋ ಬಂದು ಹೋಗಿದ್ದರು: ಎಂದೋ ಸತ್ತ ಎಮ್ಮೆ, ಮಗ್ಗಿ ಬರಲಿಲ್ಲವೆಂದು ಹೊಡೆಯುತ್ತಿದ್ದ ಮೇಷ್ಟ್ರು, ಓಟು ಕೇಳಲು ಬಂದ ಯಾವನೋ. ಬರಬೇಕಾದವನೊಬ್ಬ ಬರಲಿಲ್ಲ.

ಈಗ ಅವಳಿಗೆ ಹಳೆಯದೆಲ್ಲ ಬೇರೆ ತರಹ ನೆನಪಾಗತೊಡಗಿತು. ಮೈ ಸರಿಯಿದ್ದಾಗ ಅವನು ದಿನಾ ಬೆಳಗ್ಗೆ ಟ್ಯಾಂಕು ನೋಡಲು ಮೇಲೆ ಹೋಗುತ್ತಿದ್ದ. ಟ್ಯಾಂಕು ನೋಡಲು ಎಷ್ಟು ಹೊತ್ತು ಬೇಕು? ಮುಚ್ಚಳ ಎತ್ತಿ ಬಗ್ಗಿದರಾಯಿತು. ಅವನು ಇಳಿದು ಬರುವಷ್ಟರಲ್ಲಿ ಇವಳ ದೋಸೆ ಆರಿ ಚರ್ಮವಾಗಿರುತ್ತಿತ್ತು.

ಆ ವಾರವೆಲ್ಲ ಅವಳು ಹಟ ಹಿಡಿದು ಮಲಗಿದಳು. ಮಂಚದಲ್ಲಿ ಅವನ ಮಗ್ಗುಲಿಗೆ ಸರಿದು ಮಲಗಿದಳು. ಅವನ ಟವೆಲನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಸೀರಿಯಲ್ ಬಿಟ್ಟು ಮಧ್ಯಾಹ್ನವೂ ಮಲಗಿದಳು. ಬಂದದ್ದು ನಿದ್ದೆ ಮಾತ್ರ.

ಭಾನುವಾರ ದೊಮ್ಮಲೂರಿನಿಂದ ಮಗಳು ಭವ್ಯ ಬಂದಳು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ತಾಯಿಯ ದೂರನ್ನು ಕೇಳಿ ಮೊದಲು ನಕ್ಕಳು, ಆಮೇಲೆ ತಾಯಿಯ ಮುಖ ನೋಡಿ ನಗು ನಿಲ್ಲಿಸಿದಳು.

"ಅಮ್ಮ, ಸತ್ಮೇಲೆ ಏನೂ ಇಲ್ಲಮ್ಮ. ಲೈಟ್ ಆಫ್ ಆದಂಗೆ ಅಷ್ಟೇ. ಕಾವೇರಿ ಹತ್ರ ಅಪ್ಪ ಬಂದಿಲ್ಲ, ಅವಳ ಮೆದುಳಲ್ಲಿದ್ದ ನೆನಪು ಬಂತು."

"ನನ್ ಮೆದುಳಲ್ಲಿ ನಲವತ್ತೊಂದು ವರ್ಷದ್ದು ತುಂಬ್ಕೊಂಡಿದೆ. ಅದ್ಯಾಕೆ ಬರಲ್ಲ?"

"ಅದು ಹಂಗೆಲ್ಲ ಕರ್ದಾಗ ಬರಲ್ಲಮ್ಮ."

"ನಿಂಗೆ ಬಂದಿದ್ರಾ?"

ಭವ್ಯ ಬಟಾಣಿ ಬಿಡಿಸುವುದರಲ್ಲಿ ಮಗ್ನಳಾದಳು.

"ಕೇಳ್ತಿರೋದು ನಿನ್ನೇ."

"ಒಂದ್ಸಲ. ಹೋದ ತಿಂಗ್ಳು. ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹಲಸೂರು ಕೆರೆ ಸುತ್ತಿಸಿದ್ರು. ಬರೀ ಕನಸಮ್ಮ ಅದು."

ಏನೂ ಇಲ್ಲ ಎನ್ನುವವಳನ್ನೂ ಸುತ್ತಾಡಿಸಿಕೊಂಡು ಬಂದಿದ್ದಾನೆ! ಮುನಿಶಾಮಮ್ಮ ಬಟಾಣಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಎದುರು ಮನೆಯಲ್ಲಿ ಸೀರೆಗೆ ಫಾಲ್ ಹೊಲಿಯುವ ಉಮ್ಮೆ ಕುಲ್ಸುಂ ಬಳಿ ಮಾತ್ರ ಅವಳು ಮನಸ್ಸು ಬಿಚ್ಚುತ್ತಿದ್ದಳು. ಇಬ್ಬರೂ ಗಂಡಂದಿರನ್ನು ಮಣ್ಣು ಮಾಡಿದವರು.

"ಅರೆ ಶಾಮಕ್ಕ, ನಮ್ಮಲ್ಲಿ ಸತ್ತೋರು ಕಯಾಮತ್ ದಿನ ದುನಿಯಾ ಮುಗಿಯೋ ತನಕ ಕಬರ್‌ನಲ್ಲೇ ಕಾಯ್ಬೇಕು. ಬೇಕಾದಂಗೆ ತಿರ್ಗಾಡಂಗಿಲ್ಲ. ಅಲ್ಲಾಹ್ ಪರ್ಮಿಷನ್ ಕೊಟ್ರೆ ಮಾತ್ರ ಖ್ವಾಬ್‌ನಲ್ಲಿ ಬಂದು ಮುಖ ತೋರ್ಸಿ ಹೋಗ್ತಾರೆ."

"ಅಷ್ಟು ಕಷ್ಟಪಟ್ಟು ಪರ್ಮಿಷನ್ ತಗೊಂಡು, ಗೇಟ್ ತೆಗ್ದು, ನನ್ ರೂಮ್ ದಾಟ್ಕೊಂಡು, ಮಹಡಿ ಹತ್ತಿದ್ರಾ?"

ಉಮ್ಮೆ ಕುಲ್ಸುಂ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಮನಸಾರೆ ನಕ್ಕಳು. "ಮಣ್ಣಲ್ಲಿರೋ ಗಂಡನ್ ಮೇಲೆ ಶಕ್ ಪಡೋಳು ನೀನೊಬ್ಳೇ ಕಣಕ್ಕ!"

ಮುನಿಶಾಮಮ್ಮನ ಮನೆತನದಲ್ಲಿ ಸತ್ತವರು ಹಿರಿಯರಾಗುತ್ತಾರೆ, ಪಿತೃಪಕ್ಷಕ್ಕೆ ಬಂದು ಎಡೆ ಉಂಡು ಹೋಗುತ್ತಾರೆ. ಅದಕ್ಕಿನ್ನೂ ನಾಲ್ಕು ತಿಂಗಳಿತ್ತು. ನಡುವೆ ಬಿಡುವಾದಾಗ ಬಾಡಿಗೆ ಮನೆಗಳಿಗೆ ಹೋಗಿ ಬರುತ್ತಾರೆಂದು ಅವಳ ಅತ್ತೆಯಾಗಲಿ ಅಜ್ಜಿಯಾಗಲಿ ಹೇಳಿರಲಿಲ್ಲ.

ಮಂಗಳವಾರ ಬೆಳಗ್ಗೆ ಕಾವೇರಿ ಮೆಟ್ಟಿಲಿಳಿಯುತ್ತಲೇ ಶುರು ಮಾಡಿದಳು. "ಮತ್ತ ಬಂದಿದ್ರು ನೋಡ್ರಿ ಅಮ್ಮಾರೆ! ನಾ ಏನೋ ಒಂದ್ ಮಾತು ಅಂದೆ, ಏನಂತ ನೆನಪಿಲ್ಲ. ಹೊಟ್ಟಿ ಹಿಡಕೊಂಡು ನಕ್ಕರು."

"ನಕ್ರಾ?"

"ಕಣ್ಣಾಗ ನೀರು ಬರೋಹಂಗ ನಕ್ಕರ್ರಿ."

ಇಷ್ಟು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ಮುನಿಶಾಮಮ್ಮ ಎರಡು ಸಲ ನೋಡಿದ್ದಳು. ಎರಡೂ ಸಲ ಬೇರೆ ಯಾರದೋ ಮಾತಿಗೆ.

"ಮನೆ ಖಾಲಿ ಮಾಡಿ," ಎಂದಳು. "ಈ ತಿಂಗ್ಳು ಮುಗಿಯೋದ್ರೊಳಗೆ. ನೆಂಟ್ರು ಬರ್ತಾರೆ."

ಕಾವೇರಿಯ ಬಾಯಿ ತೆರೆದದ್ದು ಹಾಗೇ ಉಳಿಯಿತು. "ಯಾಕ್ರಿ ಅಮ್ಮಾರೆ? ಏನ್ ತಪ್ಪಾಗ್ಯಾದ್ರಿ?"

"ಏನೂ ಇಲ್ಲ. ನೆಂಟ್ರು ಬರ್ತಾರೆ ಅಂದ್ನಲ್ಲ."

ಸಂಜೆ ಕಾವೇರಿ ಒಬ್ಬಳೇ ಕೆಳಗೆ ಬಂದಳು. ಅವಳ ಗಂಡ ಲಕ್ಷ್ಮಿಕಾಂತ ಬೈಯಪ್ಪನಹಳ್ಳಿಯ ಮೆಟ್ರೋ ಡಿಪೋದಲ್ಲಿ ಬೋಗಿ ತೊಳೆಯುವ ಕೆಲಸದವನು, ಆಗಷ್ಟೇ ಮನೆಗೆ ಬಂದಿದ್ದ. ಅವಳು ಹೊಸ್ತಿಲಾಚೆಯೇ ನಿಂತು, ಬಾಯಿಪಾಠ ಒಪ್ಪಿಸುವಂತೆ ಹೇಳಿದಳು: "ನಾ ಸುಳ್ಳು ಹೇಳಿದ್ದೆ ರಿ ಅಮ್ಮಾರೆ. ಯಜಮಾನ್ರು ನನ್ನ ಕನಸಿನ್ಯಾಗ ಬಂದೇ ಇಲ್ಲ. ಸತ್ತವ್ರು ಶಿವನ ಪಾದಕ್ಕ ಸೇರತಾರ, ಮೆಟ್ಟಿಲ ಮ್ಯಾಲ ಕೂಡಾಕ ಯಾಕ ಬರತಾರ್ರಿ?"

ಮುನಿಶಾಮಮ್ಮನಿಗೆ ಬೇಕಾಗಿದ್ದ ಮಾತು ಇದೇ. ಅದನ್ನು ಕೇಳಿದ ಸಮಾಧಾನ ಎರಡು ಉಸಿರಿನ ತನಕ ಇತ್ತು. ಮೂರನೆಯ ಉಸಿರಿಗೆ ಇನ್ನೊಂದು ಯೋಚನೆ ಬಂತು. ಮಹಡಿಗೆ ಬರುತ್ತಿದ್ದವನು ಎಂದಾದರೂ ಒಂದು ದಿನ ಕೆಳಗಿಳಿದು ಬರಬಹುದಿತ್ತು. ಎಲ್ಲಿಗೂ ಬಾರದವನು ಎಲ್ಲಿಂದ ಇಳಿಯುತ್ತಾನೆ? ಭವ್ಯ ಹೇಳಿದ ಹಾಗೆ ಲೈಟು ಆರಿದೆ, ಅಷ್ಟೇ.

"ಹಿಂಗೆ ಹೇಳು ಅಂತ ಯಾರು ಹೇಳ್ಕೊಟ್ರು ನಿಂಗೆ?"

ಕಾವೇರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮನಿಯವ್ರು. ಹೆಂಗರ ಮಾಡಿ ಮನಿ ಉಳಿಸ್ಕೋ ಅಂದ್ರು."

"ಹಂಗಾದ್ರೆ ಬಂದಿದ್ರು."

ಯಾವ ಉತ್ತರಕ್ಕೆ ಮನೆ ಉಳಿಯುತ್ತದೆಂದು ಕಾವೇರಿಗೆ ತಿಳಿಯಲಿಲ್ಲ. "ಬಂದಿದ್ರ ಮನಿ ಬಿಡಬೇಕೇನ್ರಿ?"

"ಮನೆ ಮನೆ ಅಂತ ಸಾಯ್ಬೇಡ. ಇರಿ ಇಲ್ಲೇ. ನೀವು ಬೇರೆ ಏರಿಯಾಗೆ ಹೋಗಿ, ಅವ್ರೂ ನಿನ್ ಹಿಂದೆ ಅಲ್ಲಿಗೇ ಬಂದ್ಬಿಟ್ರೆ? ಬಾಯ್ಬಿಡು, ಬಂದಿದ್ರಾ ಇಲ್ವಾ?"

"ಬಂದಿದ್ರು ರಿ."

ಮುನಿಶಾಮಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಕಾವೇರಿ ತೋರಿಸಿದ ಜಾಗವನ್ನು ಕಣ್ಣು ಕಿರಿದು ಮಾಡಿ ನೋಡಿದಳು, ಅಲ್ಲೇ ಕೂತಳು. ಇನ್ನೊಬ್ಬರಿಗೆ ಜಾಗವಿಲ್ಲದ ಹಾಗೆ, ಅಗಲಕ್ಕೆ ಕೂತಳು.

"ಏನು ಉಟ್ಟಿದ್ರು?"

"ಪಂಚಿ ರಿ."

"ಯಾವ ಪಂಚೆ? ಸರಿಯಾಗಿ ನೆನಪು ಮಾಡ್ಕೊ."

ಕಾವೇರಿ ಕಣ್ಣು ಮುಚ್ಚಿದಳು. "ಹಸರ ಅಂಚಿಂದು. ತೊಡಿ ಮ್ಯಾಲ ಸಣ್ಣದೊಂದು ತೂತಿತ್ತು, ಬೀಡಿ ಕಿಡಿ ಬಿದ್ದು ಸುಟ್ಟಂಗ."

ಕಾವೇರಿ ಆ ಪಂಚೆಯನ್ನು ಅಂಗಳದ ತಂತಿಯ ಮೇಲೆ ನೂರು ಸಲ ನೋಡಿರಬಹುದು. ಅದು ಮುನಿಶಾಮಮ್ಮನಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಪಕ್ಕಕ್ಕೆ ಸರಿಸಿದಳು.

"ಅದು ನನ್ ಬೀರುಲಿದೆ ಕಣೆ," ಎಂದಳು. ದನಿ ಏರುತ್ತಾ ಹೋಯಿತು. "ನಾನೇ ಒಗ್ದು, ಮಡಿಸಿ, ನುಸಿ ಗುಳಿಗೆ ಹಾಕಿಟ್ಟಿದ್ದೀನಿ. ಬೀರು ನನ್ನ ತಲೆ ಹತ್ರಾನೇ ಇರೋದು. ರೂಮೊಳಗೆ ಬಂದು, ಬೀರು ತೆಗ್ದು, ಅಲ್ಲೇ ನಿಂತು ಪಂಚೆ ಉಟ್ಕೊಂಡು ಹೋಗಿದ್ದಾರೆ. ನಾನು ಮಲಗಿದ್ದು ಕಣ್ಣಿಗೆ ಕಾಣ್ಲಿಲ್ವಾ? ಒಂದ್ಸಲ ಎಬ್ಬಿಸಿದ್ರೆ ಏನು ಗಂಟು ಹೋಗ್ತಿತ್ತು ಅವ್ರದ್ದು?"